ಬೆಳ್ಳುಳ್ಳಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅನ್ನೋದು ನಿಜವಾ? ಚಿಕ್ಕಮ್ಮನಿಗೆ ಕಿಮೋ ನಡೀತಿದೆ

ಮುಂಜಾವು
ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ, ಈಗ ಕಿಮೋ ನಡೆಯುತ್ತಿದೆ. ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಒಂದು ವಿಡಿಯೊ ಹಾಕಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಬೆಳ್ಳುಳ್ಳಿಯ ಸಾರ ಬಿಡುತ್ತಾರೆ, ಅವು ಮುದುಡಿ ಸಾಯುತ್ತವೆ. ಅದನ್ನು ನೋಡಿದಾಗಿನಿಂದ ಚಿಕ್ಕಮ್ಮ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿ ಬೆಳ್ಳುಳ್ಳಿ ತಿನ್ನುತ್ತಿದ್ದಾರೆ. ಬೆಳ್ಳುಳ್ಳಿ ಕ್ಯಾಪ್ಸೂಲ್ ಕೂಡ ತರಿಸಿಕೊಂಡಿದ್ದಾರೆ. ಡಾಕ್ಟರಿಗೆ ಹೇಳಿಲ್ಲ. "ಅಡುಗೆಮನೆ ಸಾಮಾನು ತಾನೇ, ಅದನ್ನೆಲ್ಲ ಹೋಗಿ ಏನು ಹೇಳೋದು" ಅಂತಾರೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಆ ವಿಡಿಯೊ ಸುಳ್ಳಾ? ಸುಳ್ಳಲ್ಲ ಅಂದರೆ ತಿನ್ನೋದರಿಂದ ಲಾಭ ಇದೆಯಾ? ಕಿಮೋ ಜೊತೆ ತೊಂದರೆ ಆಗುತ್ತದಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಹಸಿರುಬಳ್ಳಿ
ತಿನ್ನಲಿ ಬಿಡಿ. ಸಾವಿರಾರು ವರ್ಷದಿಂದ ಮನುಷ್ಯ ತಿಂದುಕೊಂಡು ಬಂದದ್ದು. ಕಿಮೋಗಿಂತ ಕೆಟ್ಟದ್ದೇನೂ ಮಾಡುವುದಿಲ್ಲ.

ರಾತ್ರಿಪಾಳಿ
ಡಾಕ್ಟರಿಗೆ ಹೇಳದೇ ಇರುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ. ಮೊದಲು ಅದನ್ನು ಸರಿಮಾಡಿ.

ಕೋಶಕಥೆ
ನಾನು ಕೋಶ ಬೆಳೆಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಿಡಿಯೊ ಸುಳ್ಳಾಗಿರಬೇಕು ಅಂತೇನಿಲ್ಲ. ಬೆಳ್ಳುಳ್ಳಿಯ ಗಂಧಕದ ಅಣುಗಳನ್ನು ಹಾಕಿದರೆ ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶಗಳು ನಿಜವಾಗಿಯೂ ಸಾಯುತ್ತವೆ. ಬೇರೆ ಬೇರೆ ದೇಶಗಳ ಲ್ಯಾಬುಗಳು ಮತ್ತೆ ಮತ್ತೆ ಇದನ್ನು ಕಂಡಿವೆ. ಹಾಗಾಗಿ "ಎಲ್ಲಾ ಬೊಗಳೆ" ಅಂತ ಚಿಕ್ಕಮ್ಮನಿಗೆ ಹೇಳಬೇಡಿ. ಅದು ನಿಜವಲ್ಲ, ಅವರು ನಿಮ್ಮನ್ನು ನಂಬುವುದನ್ನೂ ಬಿಟ್ಟಾರು.

ಆದರೆ "ಬೆಳ್ಳುಳ್ಳಿಯ ಸಾರ" ಅಂದಾಗ ಯಾವುದು ಅಂತ ಕೇಳಬೇಕು. ಎಲ್ಲರೂ ಹೆಸರು ಹೇಳುವ ಗಂಧಕದ ಅಣು ಆಲಿಸಿನ್. ಜಜ್ಜದ ಎಸಳಿನಲ್ಲಿ ಅದು ಇರುವುದೇ ಇಲ್ಲ. ಅಲ್ಲಿರುವುದು ವಾಸನೆಯಿಲ್ಲದ ಆಲಿಯಿನ್. ಅದನ್ನು ಒಡೆಯುವ ಆಲಿಯಿನೇಸ್ ಎಂಬ ಕಿಣ್ವ ಬೇರೆ ಜಾಗದಲ್ಲಿ ಕೂತಿರುತ್ತದೆ. ಜಜ್ಜಿದಾಗ ಎರಡೂ ಸೇರುತ್ತವೆ, ಕೂಡಲೇ ಆಲಿಸಿನ್ ಹುಟ್ಟುತ್ತದೆ. ಘಾಟು ಅದರದ್ದೇ. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಆಲಿಸಿನ್ ಹೆಚ್ಚು ಹೊತ್ತು ನಿಲ್ಲುವ ಅಣುವಲ್ಲ. ಒಡೆದು ಡೈಆಲೈಲ್ ಡೈಸಲ್ಫೈಡ್, ಡೈಆಲೈಲ್ ಟ್ರೈಸಲ್ಫೈಡ್, ಅಜೋಯಿನ್ ಹೀಗೆ ಹಲವು ಅಣುಗಳಾಗುತ್ತದೆ. ಹಳೆಯದಾಗಿಸಿದ (ಏಜ್ಡ್) ಬೆಳ್ಳುಳ್ಳಿ ಸಾರ ಅಂತ ಮಾರುವ ಕ್ಯಾಪ್ಸೂಲಿನಲ್ಲಿ ಮುಖ್ಯವಾಗಿ ಇರುವುದು ಎಸ್-ಆಲೈಲ್‌ಸಿಸ್ಟೀನ್ ಅನ್ನುವ ಇನ್ನೊಂದೇ ಅಣು. ಒಂದರ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವುದು ತುಂಬಾ ನಡೆಯುತ್ತದೆ.

ಕುತೂಹಲಿ
ಸಾಯೋದು ಹೇಗೆ? ವಿಷದ ಹಾಗೆ ಕೊಲ್ಲುತ್ತದಾ?

ಕೋಶಕಥೆ
@ಕುತೂಹಲಿ, ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಲೆ ಹೇಳಿದ ಅಣುಗಳಲ್ಲಿ ಹೆಚ್ಚು ಶಕ್ತಿ ಇರುವುದು ಡೈಆಲೈಲ್ ಟ್ರೈಸಲ್ಫೈಡಿಗೆ. ಕೋಶ ಎರಡಾಗುವಾಗ ಒಳಗೆ ಸಣ್ಣ ಎಳೆಗಳು ಬೆಳೆದು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ಆ ಎಳೆಗಳು ಟ್ಯುಬ್ಯುಲಿನ್ ಎಂಬ ಪ್ರೋಟೀನಿನವು. 2005ರಲ್ಲಿ ಜಪಾನಿನ ತಂಡವೊಂದು ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡಿ, ಟ್ರೈಸಲ್ಫೈಡ್ ಹೋಗಿ ಟ್ಯುಬ್ಯುಲಿನ್‌ನ ಎರಡು ನಿರ್ದಿಷ್ಟ ಅಮಿನೋ ಆಮ್ಲಗಳಿಗೆ, ಅಂದರೆ ಸಿಸ್ಟೀನ್‌ಗಳಿಗೆ ಅಂಟಿಕೊಳ್ಳುವುದನ್ನು ತೋರಿಸಿತು. ಎಳೆ ಕಟ್ಟುವುದು ನಿಲ್ಲುತ್ತದೆ. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಮುಂದೆ ಹೋಗಲಾಗದೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಇದನ್ನು ಅಪೊಪ್ಟೋಸಿಸ್ ಅನ್ನುತ್ತೇವೆ.

ಇದೊಂದೇ ದಾರಿಯಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಇದೇ ಅಣು ಆಕ್ಸಿಜನ್‌ನ ಉಗ್ರ ರೂಪಗಳನ್ನು ಹೆಚ್ಚಿಸಿ ಕೋಶವನ್ನು ತಡೆಯುತ್ತದೆ. "ಬೆಳ್ಳುಳ್ಳಿ ಆ್ಯಂಟಿಆಕ್ಸಿಡೆಂಟ್ (ಅಂದರೆ ಆ ಉಗ್ರ ರೂಪಗಳನ್ನು ತಗ್ಗಿಸುವಂಥದ್ದು), ಅದಕ್ಕೇ ಕ್ಯಾನ್ಸರ್ ಹೋಗುತ್ತದೆ" ಅಂತ ಬರೆಯುವವರು ಇದನ್ನು ಗಮನಿಸಬೇಕು. ಕೊಲ್ಲುವ ಕೆಲಸ ಇಲ್ಲಿ ಆಕ್ಸಿಡೇಷನ್‌ನಿಂದ ಆಗುತ್ತಿದೆ, ಪೂರಾ ಉಲ್ಟಾ.

ಹಸಿರುಬಳ್ಳಿ
ನೋಡಿ, ನೀವೇ ಒಪ್ಪುತ್ತಿದ್ದೀರಿ. ನಾನು ಓದಿದ ಒಂದು ಅಧ್ಯಯನದಲ್ಲಿ ಸಾಮಾನ್ಯ ಪ್ರಾಸ್ಟೇಟ್ ಕೋಶಗಳು ಅಷ್ಟಾಗಿ ಸಾಯಲಿಲ್ಲ, ಕ್ಯಾನ್ಸರ್ ಕೋಶಗಳೇ ಜಾಸ್ತಿ ಸತ್ತವು. ಕಿಮೋ ಹಾಗಲ್ಲವಲ್ಲ, ಕೂದಲೂ ಹೋಗುತ್ತದೆ, ರಕ್ತಕಣವೂ ಹೋಗುತ್ತದೆ. ಇಷ್ಟು ಒಳ್ಳೆಯ ಗುಣ ಇರುವುದನ್ನು ಔಷಧಿಯಾಗಿ ಯಾಕೆ ತರಲಿಲ್ಲ? ಬೆಳ್ಳುಳ್ಳಿಗೆ ಪೇಟೆಂಟ್ ಸಿಗುವುದಿಲ್ಲ, ಅದಕ್ಕೇ.

ಔಷಧಿಡಬ್ಬಿ
ಈ ಪೇಟೆಂಟ್ ಮಾತು ಪ್ರತಿ ಚರ್ಚೆಯಲ್ಲೂ ಬರುತ್ತದೆ, ಆದರೆ ನಿಲ್ಲುವುದಿಲ್ಲ. ವಿನ್‌ಕ್ರಿಸ್ಟೀನ್ ಬಂದದ್ದು ನಿತ್ಯಪುಷ್ಪದ ಗಿಡದಿಂದ. 1963ರಿಂದ ಬಳಕೆಯಲ್ಲಿದೆ, ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತಿಗೂ ಬೇಕೇ ಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಬಂದದ್ದು ಪೆಸಿಫಿಕ್ ಯೂ ಮರದ ತೊಗಟೆಯಿಂದ, 1992ರಲ್ಲಿ ಒಪ್ಪಿಗೆ ಸಿಕ್ಕಿತು. ಗಿಡಮೂಲದ್ದು ಅಂತ ಯಾರೂ ಬಿಟ್ಟಿಲ್ಲ.

ಇನ್ನೊಂದು. ಈ ಎರಡೂ ಔಷಧಿಗಳು ಹಿಡಿಯುವುದು ಮೇಲೆ ಕೋಶಕಥೆಯವರು ಹೇಳಿದ ಅದೇ ಟ್ಯುಬ್ಯುಲಿನ್ ಅನ್ನು! ಅಂದರೆ ಗುರಿ ಸರಿಯಾಗಿಯೇ ಇದೆ. ವ್ಯತ್ಯಾಸ ಏನೆಂದರೆ ಅವನ್ನು ಶುದ್ಧ ಮಾಡಿ, ಅಳೆದು, ನೇರ ರಕ್ತಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಗೆಡ್ಡೆಯವರೆಗೆ ಎಷ್ಟು ತಲುಪುತ್ತದೆ ಅಂತ ಗೊತ್ತಿದೆ.

ಪುಟ್ಟಹಣತೆ
ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಅಂತ ಈಗಲೇ ಗೊತ್ತಾದದ್ದು. ಹಾಗಂತ ಯಾರೂ ಅದರ ಎಲೆ ಕಿತ್ತು ತಿನ್ನಬೇಡಿ ಮಾರಾಯ್ರೆ, ಗಿಡ ವಿಷ.

ಮುಂಜಾವು
ಹಾಗಾದರೆ ಚಿಕ್ಕಮ್ಮ ತಿನ್ನುವ ಬೆಳ್ಳುಳ್ಳಿ ಎಷ್ಟು ತಲುಪುತ್ತದೆ?

ಕೋಶಕಥೆ
@ಮುಂಜಾವು, ಸರಿಯಾದ ಪ್ರಶ್ನೆ ಇದೇ. ತಟ್ಟೆಯಲ್ಲಿ ನಾವು ಶುದ್ಧ ಟ್ರೈಸಲ್ಫೈಡ್ ಅನ್ನು ಹತ್ತಾರು ಮೈಕ್ರೊಮೋಲಾರ್ (ದ್ರವದಲ್ಲಿ ಅಣು ಎಷ್ಟು ದಟ್ಟವಾಗಿದೆ ಅನ್ನುವ ಅಳತೆ) ಪ್ರಮಾಣದಲ್ಲಿ ಹಾಕುತ್ತೇವೆ. ಕೋಶಗಳು ಒಂದು ದಿನವೋ ಅದಕ್ಕೂ ಹೆಚ್ಚೋ ಅದರಲ್ಲೇ ಮುಳುಗಿರುತ್ತವೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ, ನಡುವೆ ಲಿವರ್ ಇಲ್ಲ, ರಕ್ತ ಇಲ್ಲ.

ದೇಹದಲ್ಲಿ ಹಾಗಲ್ಲ. 25 ಗ್ರಾಂ ಹಸಿ ಬೆಳ್ಳುಳ್ಳಿ ತಿಂದವರ ರಕ್ತದಲ್ಲಿ ಹುಡುಕಿದಾಗಲೂ ಆಲಿಸಿನ್ ಸಿಕ್ಕಿಲ್ಲ. 25 ಗ್ರಾಂ ಅಂದರೆ ಎಸಳುಗಟ್ಟಲೆ ಆಯಿತು. ಬರೀ ರಕ್ತಕ್ಕೆ ಆಲಿಸಿನ್ ಬೆರೆಸಿದರೂ ನಿಮಿಷಗಳಲ್ಲಿ ಕಾಣೆಯಾಗುತ್ತದೆ, ಬೇರೆ ಅಣುವಾಗಿ ಬದಲಾಗುತ್ತದೆ. ಕೊನೆಗೆ ಉಸಿರಿನಲ್ಲಿ ಸಿಗುವುದು ಆಲೈಲ್ ಮೀಥೈಲ್ ಸಲ್ಫೈಡ್. ಲೋಟದ ನೀರಿಗೆ ಸಾಕಾಗುವ ಉಪ್ಪನ್ನು ಕೆರೆಗೆ ಹಾಕಿ ರುಚಿ ಹುಡುಕಿದ ಹಾಗೆ ಆಗುತ್ತದೆ.

ಸೌಟು
ಓ, ಮಾರನೇ ದಿನದವರೆಗೂ ಬಾಯಿ ವಾಸನೆ ಬರುವುದು ಆ ಮೀಥೈಲ್‌ನಿಂದಲೇನಾ? ಎಷ್ಟು ಹಲ್ಲುಜ್ಜಿದರೂ ಹೋಗುವುದಿಲ್ಲ.

ಕೋಶಕಥೆ
@ಸೌಟು, ಹೌದು. ಅದು ಬಾಯಿಂದ ಬರುವುದಲ್ಲ. ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನ ಜೊತೆ ಹೊರಬರುತ್ತದೆ. ಅದಕ್ಕೇ ಬ್ರಷ್ಷಿಗೆ ಜಗ್ಗುವುದಿಲ್ಲ.

ಪುಟ್ಟಹಣತೆ
ಊಟದ ಜೊತೆಗೇ ಹಾಲು ಕುಡಿದರೆ ಕಮ್ಮಿ ಆಗುತ್ತದೆ. ಅದನ್ನೂ ಅಳೆದು ನೋಡಿದ್ದಾರೆ, ಕೆನೆ ಇರುವ ಹಾಲು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದಂತೆ. ಆಮೇಲೆ ಕುಡಿದರೆ ಅಷ್ಟು ಪ್ರಯೋಜನ ಇಲ್ಲ.

ರಾತ್ರಿಪಾಳಿ
ವಿಷಯಕ್ಕೆ ಬನ್ನಿ ಎಲ್ಲರೂ. ಅವರ ಚಿಕ್ಕಮ್ಮನಿಗೆ ಕಿಮೋ ನಡೆಯುತ್ತಿದೆ.

ಕುತೂಹಲಿ
ನನಗೊಂದು ಅನುಮಾನ. ರಕ್ತಕ್ಕೆ ಹೋಗುವುದಿಲ್ಲ ಸರಿ. ಆದರೆ ಇದು ಕರುಳಿನ ಕ್ಯಾನ್ಸರ್. ತಿಂದದ್ದು ಕರುಳಿನ ಮೂಲಕವೇ ಹೋಗಬೇಕಲ್ವಾ? ನೇರವಾಗಿ ತಾಗುತ್ತದಲ್ಲ?

ಕೋಶಕಥೆ
@ಕುತೂಹಲಿ, ಒಳ್ಳೆಯ ಯೋಚನೆ. ಎರಡು ತೊಡಕಿವೆ. ಈ ಅಣುಗಳು ತುಂಬಾ ಚುರುಕು. ಹೊಟ್ಟೆಯಲ್ಲಿ, ಸಣ್ಣ ಕರುಳಿನಲ್ಲಿ ಸಿಕ್ಕ ಪ್ರೋಟೀನಿನ ಜೊತೆಯೆಲ್ಲ ಸೇರಿಬಿಡುತ್ತವೆ ಅಥವಾ ಹೀರಿಕೊಂಡು ಹೋಗಿಬಿಡುತ್ತವೆ. ದೊಡ್ಡ ಕರುಳಿನವರೆಗೆ ಹಾಗೇ ಉಳಿದು ಬರುವುದನ್ನು ನಂಬಿ ಕೂರುವ ಹಾಗಿಲ್ಲ. ಎರಡನೆಯದು, ಚಿಕ್ಕಮ್ಮನಿಗೆ ಆಪರೇಷನ್ ಆಗಿದೆ. ಗೆಡ್ಡೆ ಈಗ ಅಲ್ಲಿಲ್ಲ. ಆಪರೇಷನ್ ನಂತರ ಕಿಮೋ ಕೊಡುವುದು ರಕ್ತದಲ್ಲಿ ಹೋಗಿ ಲಿವರ್, ಶ್ವಾಸಕೋಶದಲ್ಲಿ ಅಡಗಿರಬಹುದಾದ ಕೋಶಗಳಿಗೆ. ಕರುಳಿನ ಒಳಗೋಡೆಗೆ ತಾಗುವುದರಿಂದ ಅಲ್ಲಿಗೆ ಏನೂ ತಲುಪುವುದಿಲ್ಲ.

ಪ್ರಾಣಿಗಳಲ್ಲಿ ಕರುಳಿಗೆ ಒಳ್ಳೆಯದಾಗಿದ್ದು ನಿಜ. 1987ರಲ್ಲಿ ಇಲಿಗಳಿಗೆ ಡೈಆಲೈಲ್ ಸಲ್ಫೈಡ್ ಕೊಟ್ಟು, ಆಮೇಲೆ ಕ್ಯಾನ್ಸರ್ ತರಿಸುವ ರಾಸಾಯನಿಕ ಕೊಟ್ಟರು. ಕರುಳಿನ ಗೆಡ್ಡೆಗಳು ಕಮ್ಮಿಯಾದವು. ಆದರೆ ಆ ರಾಸಾಯನಿಕ ಲಿವರಿನ ಒಂದು ಕಿಣ್ವದ ಕೈಗೆ ಸಿಕ್ಕ ಮೇಲೇ ಅಪಾಯಕಾರಿಯಾಗುವಂಥದ್ದು. ಬೆಳ್ಳುಳ್ಳಿಯ ಅಣು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಂದರೆ ಕ್ಯಾನ್ಸರ್ ಬರುವ ಮೊದಲಿನ ಹೆಜ್ಜೆಗೆ ಅಡ್ಡ ಬಂತು. ಬಂದುಬಿಟ್ಟ ಕ್ಯಾನ್ಸರನ್ನು ವಾಸಿ ಮಾಡಲಿಲ್ಲ.

ಹಸಿರುಬಳ್ಳಿ
ಮೊದಲೇ ತಡೆಯುವುದಾದರೆ ಅದೇನು ಸಣ್ಣ ವಿಷಯವಾ? ಚೀನಾದಲ್ಲಿ ಬೆಳ್ಳುಳ್ಳಿ ಜಾಸ್ತಿ ತಿನ್ನುವವರಿಗೆ ಹೊಟ್ಟೆಯ ಕ್ಯಾನ್ಸರ್ ತುಂಬಾ ಕಮ್ಮಿ ಅಂತ ಎಲ್ಲ ಕಡೆ ಇದೆ. ಅದನ್ನು ಯಾರೂ ಇಲ್ಲಿ ಹೇಳುತ್ತಿಲ್ಲ.

ಅಂಕಿಸಂಕಿ
ನಾನು ಹೇಳುತ್ತೇನೆ, ಆದರೆ ಪೂರ್ತಿ ಕಥೆ ಹೇಳಬೇಕು.

ಹಸಿರುಬಳ್ಳಿಯವರು ಹೇಳುವ ಮಾತು ಶಾಂಡಾಂಗ್ ಪ್ರಾಂತ್ಯದ್ದು. ಅಲ್ಲಿ ಹೊಟ್ಟೆಯ ಕ್ಯಾನ್ಸರ್ ಬಹಳ. 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 564 ರೋಗಿಗಳನ್ನೂ 1,131 ಆರೋಗ್ಯವಂತರನ್ನೂ ಏನೇನು ತಿನ್ನುತ್ತೀರಿ ಅಂತ ಕೇಳಿದರು. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ತರಕಾರಿ ಅತಿ ಹೆಚ್ಚು ತಿನ್ನುವವರ ಅಪಾಯ, ಅತಿ ಕಡಿಮೆ ತಿನ್ನುವವರ ಅಪಾಯದ ಸುಮಾರು 40%ರಷ್ಟೇ ಇತ್ತು. ಭಾರಿ ವ್ಯತ್ಯಾಸ. ಆದರೆ ಇಂಥ ಅಧ್ಯಯನದಲ್ಲಿ ಒಂದು ಕಷ್ಟ ಇದೆ. ಹೊಟ್ಟೆ ಕೆಟ್ಟವರು ರೋಗ ಪತ್ತೆಯಾಗುವ ಮೊದಲೇ ಖಾರ, ಘಾಟು ಬಿಟ್ಟಿರುತ್ತಾರೆ. ಆಗ ರೋಗದಿಂದ ಬೆಳ್ಳುಳ್ಳಿ ಕಮ್ಮಿಯಾಯಿತೋ, ಬೆಳ್ಳುಳ್ಳಿ ಕಮ್ಮಿಯಾಗಿ ರೋಗ ಬಂತೋ ಹೇಳುವುದು ಹೇಗೆ?

ಅದಕ್ಕೇ ಅದೇ ಪ್ರಾಂತ್ಯದ ಲಿನ್‌ಚು ಎಂಬಲ್ಲಿ 1995ರಲ್ಲಿ ಸರಿಯಾದ ಪ್ರಯೋಗ ಶುರು ಮಾಡಿದರು. 3,365 ಜನ. ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವರಿಗೆ ಹೊಟ್ಟೆಯ ಕ್ಯಾನ್ಸರಿಗೆ ಕಾರಣವಾಗಬಲ್ಲ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾಕ್ಕೆ ಎರಡು ವಾರದ ಔಷಧಿ, ಕೆಲವರಿಗೆ ವಿಟಮಿನ್, ಕೆಲವರಿಗೆ ಬೆಳ್ಳುಳ್ಳಿಯ ಸಾರ ಮತ್ತು ಎಣ್ಣೆಯ ಕ್ಯಾಪ್ಸೂಲ್. ಬೆಳ್ಳುಳ್ಳಿಯನ್ನು 7.3 ವರ್ಷ ಕೊಟ್ಟರು! 2006ರ ಫಲಿತಾಂಶದಲ್ಲಿ ಬೆಳ್ಳುಳ್ಳಿಯಿಂದ ಹೊಟ್ಟೆಯ ಕ್ಯಾನ್ಸರ್ ಆಗಲಿ, ಅದಕ್ಕೆ ಮೊದಲು ಹೊಟ್ಟೆಯ ಒಳಪದರದಲ್ಲಿ ಕಾಣುವ ಬದಲಾವಣೆಗಳಾಗಲಿ ಕಮ್ಮಿಯಾಗಲಿಲ್ಲ. ಬ್ಯಾಕ್ಟೀರಿಯಾದ ಔಷಧಿಯಿಂದ ಆ ಬದಲಾವಣೆಗಳು ಕಮ್ಮಿಯಾದವು.

ಹಸಿರುಬಳ್ಳಿ
2006ಕ್ಕೆ ನಿಲ್ಲಿಸಿದರೆ ಹೇಗೆ? 2019ರದ್ದನ್ನೂ ಹೇಳಿ. ಅದರಲ್ಲಿ ಬೆಳ್ಳುಳ್ಳಿ ಗುಂಪಿನಲ್ಲಿ ಸಾವು ಕಮ್ಮಿಯಾಗಿದೆ.

ಅಂಕಿಸಂಕಿ
@ಹಸಿರುಬಳ್ಳಿ, ಅಲ್ಲಿಗೇ ಬರುತ್ತಿದ್ದೆ. 22 ವರ್ಷದ ನಂತರ ನೋಡಿದಾಗ ಬೆಳ್ಳುಳ್ಳಿ ತೆಗೆದುಕೊಂಡಿದ್ದ ಗುಂಪಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ಸಾವು 34% ಕಮ್ಮಿ ಇತ್ತು. ಇದು ನಿಜವಾದ ಫಲಿತಾಂಶ, ತಳ್ಳಿಹಾಕುವಂತಿಲ್ಲ. ಆದರೆ ಕ್ಯಾನ್ಸರ್ ಬಂದವರ ಸಂಖ್ಯೆಯಲ್ಲಿ ಬೆಳ್ಳುಳ್ಳಿಯಿಂದ ಖಚಿತ ಅನ್ನುವಂಥ ಇಳಿಕೆ ಕಾಣಲಿಲ್ಲ. ಬ್ಯಾಕ್ಟೀರಿಯಾದ ಎರಡು ವಾರದ ಔಷಧಿ ಮಾತ್ರ ಕ್ಯಾನ್ಸರ್ ಬರುವುದನ್ನೇ ಸುಮಾರು ಅರ್ಧಕ್ಕೆ ಇಳಿಸಿತು. ಎರಡು ವಾರ! ಏಳು ವರ್ಷದ ಕ್ಯಾಪ್ಸೂಲಿಗಿಂತ ಅದು ದೊಡ್ಡ ಸುದ್ದಿ ಆಗಬೇಕಿತ್ತು. ಯಾರ ವಿಡಿಯೊದಲ್ಲೂ ಅದಿಲ್ಲ.

ಇನ್ನೂ ಒಂದು ಮಾತು. ಅಲ್ಲಿದ್ದವರು ಕ್ಯಾನ್ಸರ್ ಇಲ್ಲದ ಜನ. ಅಂಗ ಬೇರೆ, ಸ್ಥಿತಿ ಬೇರೆ. ಕಿಮೋ ನಡೆಯುತ್ತಿರುವ ಕರುಳಿನ ಕ್ಯಾನ್ಸರ್ ರೋಗಿಗೆ ಅದನ್ನು ಎಳೆದು ತರಲು ಬರುವುದಿಲ್ಲ.

ಕುತೂಹಲಿ
ಕರುಳಿಗೆ ಸಂಬಂಧಿಸಿ ಮನುಷ್ಯರ ಮೇಲೆ ಏನೂ ಇಲ್ಲವಾ?

ಅಂಕಿಸಂಕಿ
ಇದೆ. ಅಮೆರಿಕದ ಅಯೋವಾದಲ್ಲಿ 41,837 ಮಹಿಳೆಯರನ್ನು ಹಿಂಬಾಲಿಸಿದ ಅಧ್ಯಯನ, 1994ರಲ್ಲಿ ಬಂತು. ಬೆಳ್ಳುಳ್ಳಿ ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಸುಮಾರು ಮೂರನೇ ಒಂದು ಭಾಗ ಕಮ್ಮಿ ಕಂಡಿತು. ತುಂಬಾ ಜನ ಇದನ್ನೇ ಎತ್ತಿ ಹೇಳುತ್ತಾರೆ. ಆದರೆ 2013ರಲ್ಲಿ ಲಕ್ಷಕ್ಕೂ ಹೆಚ್ಚು ನರ್ಸುಗಳು ಮತ್ತು ಆರೋಗ್ಯ ವೃತ್ತಿಯವರ ಎರಡು ದೊಡ್ಡ ಗುಂಪುಗಳಲ್ಲಿ ನೋಡಿದಾಗ ಅಂಥ ಸಂಬಂಧವೇ ಸಿಗಲಿಲ್ಲ. ಜಪಾನಿನಲ್ಲಿ 2006ರಲ್ಲಿ 51 ಜನರ ಮೇಲೆ ಒಂದು ಪ್ರಯೋಗ ಆಯಿತು. ಕರುಳಿನಲ್ಲಿ ಅಡಿನೋಮಾ ಅನ್ನುವ ಗಂಟು ಇದ್ದವರು. ಹಳೆಯದಾಗಿಸಿದ ಬೆಳ್ಳುಳ್ಳಿ ಸಾರವನ್ನು ಒಂದು ವರ್ಷ ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಗಂಟುಗಳು ಕಮ್ಮಿಯಾದವು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ 51 ಜನ ಅಂದರೆ ತೀರಾ ಸಣ್ಣದು, ಅಡಿನೋಮಾ ಕ್ಯಾನ್ಸರೂ ಅಲ್ಲ.

2009ರಲ್ಲಿ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕಡೆಯವರು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. ಹೊಟ್ಟೆ, ಸ್ತನ, ಶ್ವಾಸಕೋಶ, ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ನಂಬುವಂಥ ಪುರಾವೆ ಇಲ್ಲ ಅಂದರು. ಕರುಳು, ಪ್ರಾಸ್ಟೇಟ್ ಮತ್ತು ಇನ್ನು ಕೆಲವಕ್ಕೆ ತೀರಾ ಕಮ್ಮಿ ಪುರಾವೆ ಅಂದರು.

ಸೌಟು
ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದ ಪ್ರಶ್ನೆ ಅಡುಗೆಯದ್ದು. ಬೇಯಿಸಿದರೆ ಎಲ್ಲಾ ಹೋಗುತ್ತದಾ?

ಕೋಶಕಥೆ
@ಸೌಟು, ಇದನ್ನೂ ನೋಡಿದ್ದಾರೆ. 2001ರಲ್ಲಿ ಸಾಂಗ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಬೆಳ್ಳುಳ್ಳಿಯನ್ನು ಮೈಕ್ರೊವೇವ್‌ನಲ್ಲಿ 60 ಸೆಕೆಂಡ್ ಬಿಸಿ ಮಾಡಿದರೆ, ಇಲಿಗಳಲ್ಲಿ ಅದರ ರಕ್ಷಣೆಯ ಗುಣ ಹೋಗಿಬಿಡುವುದನ್ನು ಕಂಡರು. ಕಿಣ್ವ ಬಿಸಿಗೆ ಕೆಟ್ಟು ಆಲಿಸಿನ್ ಹುಟ್ಟುವುದೇ ಇಲ್ಲ. ಜಜ್ಜಿ 10 ನಿಮಿಷ ಹಾಗೇ ಬಿಟ್ಟು ಆಮೇಲೆ ಬಿಸಿ ಮಾಡಿದಾಗ ಗುಣ ಪೂರ್ತಿ ಹೋಗಲಿಲ್ಲ. ಹಾಗಾಗಿ ಜಜ್ಜಿ ಸ್ವಲ್ಪ ಹೊತ್ತು ಇಟ್ಟು ಅಡುಗೆಗೆ ಹಾಕಿ, ಖರ್ಚೇನೂ ಇಲ್ಲ. ಇಡೀ ಎಸಳನ್ನು ಅಗಿಯದೆ ನೀರಿನ ಜೊತೆ ನುಂಗುವವರಿಗೆ ಆಲಿಸಿನ್ ಅಷ್ಟಾಗಿ ಸಿಗುವುದೇ ಇಲ್ಲ. ಹೊಟ್ಟೆಯ ಆಮ್ಲಕ್ಕೂ ಆ ಕಿಣ್ವ ನಿಲ್ಲುವುದಿಲ್ಲ.

ಸೌಟು
ನಾನು ಹಾಗಾದರೆ ವಾರಕ್ಕಾಗುವಷ್ಟು ಜಜ್ಜಿ ಎಣ್ಣೆಯಲ್ಲಿ ಮುಳುಗಿಸಿ ಇಟ್ಟುಬಿಡುತ್ತೇನೆ, ಬೇಕಾದಾಗ ತೆಗೆದುಕೊಳ್ಳಬಹುದು.

ರಾತ್ರಿಪಾಳಿ
@ಸೌಟು, ಅಯ್ಯೋ ಬೇಡ! ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಲೇಬೇಡಿ. ಗಾಳಿ ಸಿಗದ ಜಾಗದಲ್ಲಿ ಬಾಟ್ಯುಲಿಸಂ ಎಂಬ, ಜೀವಕ್ಕೇ ಅಪಾಯವಾಗುವ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಾಸನೆ, ರುಚಿಯಲ್ಲಿ ಗೊತ್ತೇ ಆಗುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದು 36 ಜನರಿಗೆ ಬಾಟ್ಯುಲಿಸಂ ಆಗಿತ್ತು. ಕಿಮೋ ತೆಗೆದುಕೊಳ್ಳುವವರು ಇರುವ ಮನೆಯಲ್ಲಂತೂ ಇದು ಬೇಡವೇ ಬೇಡ. ಆಗಾಗ ಬೇಕಾದಷ್ಟೇ ಜಜ್ಜಿಕೊಳ್ಳಿ.

ಔಷಧಿಡಬ್ಬಿ
ಮುಂಜಾವು ಅವರ ಮೂರನೇ ಪ್ರಶ್ನೆಗೆ ಇನ್ನೂ ಯಾರೂ ಸರಿಯಾಗಿ ಉತ್ತರಿಸಿಲ್ಲ. ಕಿಮೋ ಜೊತೆ ತೊಂದರೆ ಇದೆಯಾ?

ಅಡುಗೆಯಲ್ಲಿ ಬಳಸುವ ಬೆಳ್ಳುಳ್ಳಿಗೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಕ್ಯಾಪ್ಸೂಲ್ ಮತ್ತು ಖಾಲಿ ಹೊಟ್ಟೆಗೆ ಜಾಸ್ತಿ ಹಸಿ ಬೆಳ್ಳುಳ್ಳಿ ಬೇರೆ ವಿಷಯ. ಬೆಳ್ಳುಳ್ಳಿಯ ಅಜೋಯಿನ್‌ನಂಥ ಅಣುಗಳು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ. ಅದಕ್ಕೇ ಆಪರೇಷನ್‌ಗೆ ಕನಿಷ್ಠ 7 ದಿನ ಮೊದಲು ಬೆಳ್ಳುಳ್ಳಿ ಕ್ಯಾಪ್ಸೂಲ್ ನಿಲ್ಲಿಸಿ ಅನ್ನುವ ಸಲಹೆ ವೈದ್ಯಕೀಯದಲ್ಲಿ ಇದೆ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಪ್ಲೇಟ್‌ಲೆಟ್‌ಗಳನ್ನೇ ಕಮ್ಮಿ ಮಾಡಬಲ್ಲದು. ಇರುವುದೂ ಕಮ್ಮಿ, ಇದ್ದದ್ದು ಅಂಟುವುದೂ ಇಲ್ಲ ಅಂದರೆ ರಕ್ತಸ್ರಾವದ ಭಯ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಆಸ್ಪಿರಿನ್ ಇದ್ದರೆ ಇನ್ನೂ ಹುಷಾರಾಗಿರಬೇಕು.

ಬೆಳ್ಳುಳ್ಳಿ ರಕ್ತದಲ್ಲಿ ಔಷಧಿಯ ಪ್ರಮಾಣವನ್ನೇ ಬದಲಿಸಬಹುದು ಅನ್ನುವುದಕ್ಕೂ ಉದಾಹರಣೆ ಇದೆ. 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬೆಳ್ಳುಳ್ಳಿ ಕ್ಯಾಪ್ಸೂಲ್ ತೆಗೆದುಕೊಂಡವರ ರಕ್ತದಲ್ಲಿ ಸಾಕ್ವಿನಾವಿರ್ ಎಂಬ ಎಚ್‌ಐವಿ ಔಷಧಿ ಸುಮಾರು ಅರ್ಧಕ್ಕೆ ಇಳಿದಿತ್ತು. ಅದು ಕಿಮೋ ಅಲ್ಲ, ನಿಜ. ಆದರೆ "ಅಡುಗೆಮನೆ ಸಾಮಾನು, ಏನೂ ಮಾಡುವುದಿಲ್ಲ" ಅನ್ನುವ ಮಾತಿಗೆ ಇದು ಉತ್ತರ. ಗ್ರೀನ್ ಟೀಯ ಒಂದು ಅಂಶ ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿಗೆ ನೇರವಾಗಿ ಅಂಟಿಕೊಂಡು ಅದನ್ನು ಕೆಲಸ ಮಾಡದಂತೆ ಮಾಡುವುದು ಕೂಡ 2009ರಲ್ಲಿ ಕೋಶಗಳಲ್ಲಿ, ಇಲಿಗಳಲ್ಲಿ ಕಂಡಿದೆ.

ಹಸಿರುಬಳ್ಳಿ
ಕ್ಯಾಪ್ಸೂಲ್ ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಅದರೊಳಗೆ ಏನಿದೆಯೋ ಯಾರು ಬಲ್ಲರು. ಆದರೆ ಒಂದು ಮಾತು ಹೇಳಲೇಬೇಕು. ರೋಗಿಗೆ ತನ್ನ ಕೈಯಲ್ಲಿ ಏನಾದರೂ ಇದೆ ಅನ್ನಿಸಬೇಕು. ಎಲ್ಲವನ್ನೂ ಬೇರೆಯವರು ಚುಚ್ಚಿ, ಅಳೆದು, ಕತ್ತರಿಸಿ ಮಾಡುವಾಗ ತಾನೇ ತನಗಾಗಿ ಮಾಡಿಕೊಳ್ಳುವ ಒಂದು ಕೆಲಸ. ಅದನ್ನು ಕಿತ್ತುಕೊಂಡು ಅಂಕಿಅಂಶ ಕೊಟ್ಟರೆ ಅವರಿಗೆ ಏನು ಸಿಕ್ಕಿತು?

ಗುಬ್ಬಿಗೂಡು
ಹಸಿರುಬಳ್ಳಿ ಅಕ್ಕ, ಇದನ್ನು ನಾನು ಅನುಭವಿಸಿದ್ದೇನೆ. ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ನೀವು ಹೇಳುವ ಆ ಭಾವನೆ ಪೂರ್ತಿ ನಿಜ. ಆದರೆ ಇನ್ನೊಂದು ಕಡೆಯೂ ಇದೆ. ಮನೆಗೆ ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಿದ್ದರು. ಇದು ತಿನ್ನು, ಅದು ಬಿಡು. ಒಂದು ದಿನ ತಪ್ಪಿದರೂ ನನ್ನ ಕೈಯಾರೆ ನಾನೇ ಕೆಡಿಸಿಕೊಂಡೆ ಅನ್ನಿಸುತ್ತಿತ್ತು. ಬಾಯಲ್ಲೆಲ್ಲ ಹುಣ್ಣು, ನೀರು ಕುಡಿದರೂ ಉರಿ, ಅಷ್ಟರಲ್ಲೂ ಯಾರೋ ಹೇಳಿದರು ಅಂತ ಘಾಟು ತಿನ್ನಲು ಕೂತಿದ್ದೆ. ಕಿಮೋ ಕೊಡುತ್ತಿದ್ದ ಸಿಸ್ಟರ್ ಒಬ್ಬರು ನೋಡಿ, "ನಿಮಗೆ ಈಗ ಬೇಕಾಗಿರುವುದು ಊಟ ಹೊಟ್ಟೆಗೆ ಸೇರೋದು, ಅಷ್ಟೇ" ಅಂದರು. ಅವತ್ತು ಅತ್ತುಬಿಟ್ಟೆ, ಭಾರ ಇಳಿದ ಹಾಗಾಯಿತು.

ಮುಂಜಾವು, ನಿಮ್ಮ ಚಿಕ್ಕಮ್ಮ ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದಾರಾ, ಹೆದರಿ ತಿನ್ನುತ್ತಿದ್ದಾರಾ, ಅದನ್ನು ಕೇಳಿ.

ರಾತ್ರಿಪಾಳಿ
ಇದನ್ನು ಓದಿ ಕಣ್ಣು ತುಂಬಿತು ಅಕ್ಕ.

ಬೆಳ್ಳುಳ್ಳಿಯನ್ನು ಜಜ್ಜಿ ಗಂಟಿನ ಮೇಲೆ ಕಟ್ಟುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಹಸಿ ಬೆಳ್ಳುಳ್ಳಿ ಗಂಟೆಗಟ್ಟಲೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುವಷ್ಟು ಸುಡುತ್ತದೆ. ರೇಡಿಯೇಷನ್ ಆದ ಚರ್ಮ ಮೊದಲೇ ಸೂಕ್ಷ್ಮ. ನಾನು ಇಂಥ ಗಾಯಕ್ಕೆ ಡ್ರೆಸಿಂಗ್ ಮಾಡಿದ್ದೇನೆ.

ಅಂಕಿಸಂಕಿ
ಯಾರಾದರೂ ಇದನ್ನೆಲ್ಲ ಓದಿ "ಕಿಮೋ ಬಿಟ್ಟು ಬರೀ ಮನೆಮದ್ದು" ಅಂದುಕೊಂಡರೆ ಅಂತ ಒಂದು ಸಂಖ್ಯೆ ಇಡುತ್ತೇನೆ. 2018ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವಾದ ಯೇಲ್‌ನವರು ಪ್ರಕಟಿಸಿದ್ದು. ವಾಸಿಯಾಗಬಲ್ಲ ಹಂತದ ಕ್ಯಾನ್ಸರ್ ಇದ್ದು, ಚಿಕಿತ್ಸೆ ಬೇಡವೆಂದು ಪರ್ಯಾಯ ದಾರಿಗಳನ್ನಷ್ಟೇ ಹಿಡಿದವರಲ್ಲಿ ಸಾವಿನ ಅಪಾಯ ಚಿಕಿತ್ಸೆ ಪಡೆದವರ 2.5 ಪಟ್ಟು. ದೊಡ್ಡ ಕರುಳು-ಗುದನಾಳದ ಕ್ಯಾನ್ಸರಿನಲ್ಲಿ ನಾಲ್ಕೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿ, ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗೂ ಜಾಸ್ತಿ.

ಹಸಿರುಬಳ್ಳಿ
ಕಿಮೋ ಬಿಡಿ ಅಂತ ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ. ಅದು ಎಲ್ಲರಿಗೂ ಸ್ಪಷ್ಟ ಇರಲಿ. ಮುಂಜಾವು, ಚಿಕ್ಕಮ್ಮ ಕಿಮೋ ಮುಗಿಸಲಿ.

ಮುಂಜಾವು
ಎಲ್ಲರಿಗೂ ತುಂಬಾ ಧನ್ಯವಾದ. ಚಿಕ್ಕಮ್ಮನ ಹತ್ತಿರ ಮಾತಾಡಿದೆ. ಗುಬ್ಬಿಗೂಡು ಅವರು ಹೇಳಿದ ಪ್ರಶ್ನೆಯನ್ನೇ ಕೇಳಿದೆ. "ಇಷ್ಟ ಎಲ್ಲಿಂದ ಬಂತು, ಹೊಟ್ಟೆ ಉರಿ ತಡೆಯೋಕಾಗಲ್ಲ" ಅಂದರು. ಇಷ್ಟು ದಿನ ಆ ಉರಿ ಕಿಮೋದಿಂದ ಅಂದುಕೊಂಡಿದ್ದೆವು. ಡಾಕ್ಟರ್ ಹತ್ತಿರ ಹೋಗುವಾಗ ಏನೇನು ಕೇಳಬೇಕು?

ಔಷಧಿಡಬ್ಬಿ
ಕ್ಯಾಪ್ಸೂಲ್ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ, ಹೆಸರು ಹೇಳಿದರೆ ಸಾಲದು. ಯಾವಾಗಿನಿಂದ, ದಿನಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಕಳೆದ ಬಾರಿಯ ಪ್ಲೇಟ್‌ಲೆಟ್ ಎಷ್ಟಿತ್ತು ಕೇಳಿ. ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬಂದಿದ್ದರೆ ಅಥವಾ ಮಲ ಕಪ್ಪಗಾಗಿದ್ದರೆ ಭೇಟಿಯ ದಿನಕ್ಕೆ ಕಾಯಬೇಡಿ, ಇವತ್ತೇ ಫೋನ್ ಮಾಡಿ. ಬಿಪಿ, ಶುಗರ್, ಹೃದಯದ ಮಾತ್ರೆ ಇದ್ದರೆ ಆ ಪಟ್ಟಿಯೂ ಜೊತೆಗಿರಲಿ.

ರಾತ್ರಿಪಾಳಿ
ಹೊಟ್ಟೆ ಉರಿಯ ವಿಷಯ ಹೇಳಲು ಮರೆಯಬೇಡಿ. ಕಿಮೋದ್ದೇ ಅಂದುಕೊಂಡು ಇನ್ನೊಂದು ಮಾತ್ರೆ ಸೇರಿಸಿಬಿಡುತ್ತಾರೆ, ನಿಜವಾದ ಕಾರಣ ಹಾಗೇ ಉಳಿಯುತ್ತದೆ.

ಮುಂಜಾವು
ಹೋಗಿ ಬಂದೆವು. ಕ್ಯಾಪ್ಸೂಲ್ ನಿಲ್ಲಿಸಲು ಹೇಳಿದರು. ಹಸಿ ಬೆಳ್ಳುಳ್ಳಿಯನ್ನೂ ಕಿಮೋ ಮುಗಿಯುವವರೆಗೆ ಬೇಡ ಅಂದರು. ಅಡುಗೆಯಲ್ಲಿ ಎಂದಿನಂತೆ ಹಾಕಿಕೊಳ್ಳಬಹುದಂತೆ. ಪ್ಲೇಟ್‌ಲೆಟ್ ಸ್ವಲ್ಪ ಕಮ್ಮಿ ಇದೆ, ಮುಂದಿನ ಸುತ್ತಿಗೆ ಮೊದಲು ಮತ್ತೆ ನೋಡುತ್ತಾರೆ. ಡಾಕ್ಟರ್ ಬೈಯಲಿಲ್ಲ, ಚಿಕ್ಕಮ್ಮನಿಗೆ ಅದೇ ದೊಡ್ಡ ಸಮಾಧಾನ.

ಪುಟ್ಟಹಣತೆ
ಒಳ್ಳೆಯದಾಯಿತು. ಆ ವಿಡಿಯೊ ಹಾಕಿದವರಿಗೂ ಹೇಳಿಬಿಡಿ.

ಮುಂಜಾವು
@ಪುಟ್ಟಹಣತೆ, ಹೇಳಿದೆ. ಈಗ ಅದೇ ಗುಂಪಿನಲ್ಲಿ ಅರಿಶಿನದ ಕ್ಯಾಪ್ಸೂಲ್ ಬಗ್ಗೆ ಕೇಳುತ್ತಿದ್ದಾರೆ. ಅದಕ್ಕೂ ಇದೇ ಮಾತಾ?

ಔಷಧಿಡಬ್ಬಿ
ಅರಿಶಿನದ ಕರ್ಕ್ಯುಮಿನ್ ಕೂಡ ಬಾಯಿಂದ ರಕ್ತಕ್ಕೆ ತೀರಾ ಕಮ್ಮಿ ಹೋಗುತ್ತದೆ. ಅದಕ್ಕೇ ಕ್ಯಾಪ್ಸೂಲಿಗೆ ಕಾಳುಮೆಣಸಿನ ಪೈಪರಿನ್ ಸೇರಿಸುತ್ತಾರೆ. ಆ ಪೈಪರಿನ್ ಬೇರೆ ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಕಿಮೋ ನಡೆಯುವಾಗ ಡಾಕ್ಟರಿಗೆ ತೋರಿಸದೆ ಬೇಡ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.